ಎದೆಯಿಂದ ಸೋರಿದ ನೀರು: ಬೆಕ್ಕಿನ ಬಾಯಿಂದ ಬಂದ ಬೆಳವಕ್ಕಿಯ 43 ದಿನ

ಸಂಜೆ ಆರೂಕಾಲಿಗೆ ನಮ್ಮ ಬೆಕ್ಕು ಹಿತ್ತಲ ಬಾಗಿಲಿಂದ ಒಳಗೆ ಬಂತು. ಬಾಯಲ್ಲಿ ಒಂದು ಬೆಳವಕ್ಕಿ. ಚುಕ್ಕೆ ಬೆಳವ, ಕೆಲವರು ಚೋರೆ ಹಕ್ಕಿ ಅನ್ನುತ್ತಾರೆ. ಕತ್ತಿನ ಹಿಂದೆ ಕಪ್ಪು ಪಟ್ಟಿಯ ಮೇಲೆ ಬಿಳಿ ಚುಕ್ಕೆ ಇಟ್ಟ ಹಾಗೆ ಇರುತ್ತದಲ್ಲ, ಅದೇ. ನಾನು ಕೂಗಿದ ರಭಸಕ್ಕೆ ಬೆಕ್ಕು ಬಾಯಿ ಬಿಟ್ಟಿತು. ಹಕ್ಕಿ ನೆಲಕ್ಕೆ ಬಿತ್ತು. ಹಾರಲಿಲ್ಲ, ಓಡಲಿಲ್ಲ. ಬಾಗಿಲಿಂದ ಒಲೆಯ ಕಟ್ಟೆಯವರೆಗೆ ಗರಿಗಳು ಚೆಲ್ಲಿದ್ದವು. ಬಾಲ ಹೆಚ್ಚುಕಡಿಮೆ ಇರಲೇ ಇಲ್ಲ.

ಅಲ್ಲಿಂದ ಮುಂದಿನ 43 ದಿನದಲ್ಲಿ ನಡೆದದ್ದನ್ನು ನನ್ನ ನೋಟ್‌ಬುಕ್ ನೋಡಿಕೊಂಡು ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ. ಒಂದು ಹಕ್ಕಿ ಆರೈಕೆ ಕೇಂದ್ರದಲ್ಲಿ ಎರಡು ವರ್ಷ ವಾರಕ್ಕೊಮ್ಮೆ ಹೋಗಿ ಪಂಜರ ತೊಳೆದು, ಮೇವು ಅಳೆದು ಕೊಟ್ಟು ಬಂದಿದ್ದೇನೆ, ಅಷ್ಟೇ. ಆದರೂ ಮೊದಲ ಹತ್ತು ನಿಮಿಷದಲ್ಲೇ ತಪ್ಪು ಮಾಡಿದೆ. ಆ ತಪ್ಪನ್ನು ಇನ್ನೊಬ್ಬರು ಮಾಡದೆ ಇರಲಿ ಅನ್ನುವುದೇ ಈ ಬರಹಕ್ಕೆ ಮುಖ್ಯ ಕಾರಣ.

ಮೊದಲ ಹತ್ತು ನಿಮಿಷ

ಟವೆಲ್ ಹೊದಿಸಿ ಎತ್ತಿಕೊಂಡೆ. ಇದು ಸರಿ. ಕಣ್ಣಿಗೆ ಕತ್ತಲೆಯಾದರೆ ಹಕ್ಕಿ ಒದ್ದಾಡುವುದು ನಿಲ್ಲಿಸುತ್ತದೆ. ಎದೆ ಒತ್ತದ ಹಾಗೆ ಹಿಡಿದೆ. ಇದೂ ಸರಿ. ನಮ್ಮ ಎದೆ ಮತ್ತು ಹೊಟ್ಟೆಯ ನಡುವೆ ಇರುವಂಥ ವಪೆ ಹಕ್ಕಿಗಿಲ್ಲ. ಎದೆಮೂಳೆ ಕೆಳಗೆ ಮೇಲೆ ಆಡಿದರೇ ಅದಕ್ಕೆ ಉಸಿರು. ಮೂಗು ಬಾಯಿ ತೆರೆದೇ ಇದ್ದರೂ, ಎದೆಯನ್ನು ಬಿಗಿಯಾಗಿ ಹಿಡಿದರೆ ಹಕ್ಕಿ ಉಸಿರುಗಟ್ಟಿ ಸಾಯುತ್ತದೆ. ಮಕ್ಕಳ ಕೈಗೆ ಹಕ್ಕಿ ಕೊಡಬಾರದು ಅನ್ನುವುದು ಇದಕ್ಕೇ.

ಹಕ್ಕಿ ಬಾಯಿ ತೆರೆದು ಉಸಿರಾಡುತ್ತಿತ್ತು. ಬಾಯಾರಿದೆ ಅನ್ನಿಸಿತು. ಬಾಯಿ ತೆರೆದ ಹಕ್ಕಿಯನ್ನು ಕಂಡರೆ ಯಾರಿಗಾದರೂ ಹಾಗೇ ಅನ್ನಿಸುತ್ತದೆ, ಅಲ್ವಾ? ಸಣ್ಣ ಬಟ್ಟಲಲ್ಲಿ ನೀರು ತಂದು ಕೊಕ್ಕಿಗೆ ತಾಗಿಸಿದೆ. ಬೆಳವ, ಪಾರಿವಾಳಗಳು ಬೇರೆ ಹಕ್ಕಿಗಳಂತೆ ಗುಟುಕು ತೆಗೆದುಕೊಂಡು ತಲೆ ಎತ್ತಿ ನುಂಗುವುದಿಲ್ಲ. ಕೊಕ್ಕು ಅದ್ದಿ, ಎಮ್ಮೆ ಕುಡಿದ ಹಾಗೆ ಒಂದೇ ಸಮ ಹೀರುತ್ತವೆ. ಇದೂ ಹೀರಿತು. ಬದುಕುತ್ತದೆ ಅಂತ ನನಗೆ ಖುಷಿಯಾಯಿತು. ಅಷ್ಟರಲ್ಲಿ ಅಂಗೈ ಒದ್ದೆಯಾಯಿತು.

ನೀರು ಎದೆಯಿಂದ ಸೋರುತ್ತಿತ್ತು.

ಗರಿಗಳ ನಡುವಿನಿಂದ ತೊಟ್ಟು ತೊಟ್ಟಾಗಿ ನನ್ನ ಬೆರಳ ಸಂದಿಗೆ ಇಳಿಯುತ್ತಿತ್ತು. ಮೊದಲು ಮೂತ್ರವೋ ಏನೋ ಅಂದುಕೊಂಡೆ. ಆಮೇಲೆ ಆ ನೀರಿನ ಜೊತೆ ಒಂದು ಹುಲ್ಲಿನ ಬೀಜ ಬಂತು. ಅದರ ಹಿಂದೆ ಇನ್ನೊಂದು. ಮಧ್ಯಾಹ್ನ ಎಲ್ಲೋ ಹೆಕ್ಕಿ ತಿಂದ ಕಾಳು, ಈಗ ಎದೆಯ ತೂತಿನಿಂದ ಹೊರಗೆ ಬರುತ್ತಿತ್ತು. ಆ ಕಾಳು ಇನ್ನೂ ಹೊಳೆಯುತ್ತಿತ್ತು, ಅರಗಿರಲೇ ಇಲ್ಲ. ಅದನ್ನು ಈಗಲೂ ಮರೆಯಲು ಆಗಿಲ್ಲ.

ಬೆಳವದ ಕತ್ತಿನ ಬುಡದಲ್ಲಿ, ಚರ್ಮದ ಒಳಗೇ, ತಿಂದದ್ದನ್ನು ಕೂಡಿಟ್ಟುಕೊಳ್ಳುವ ಒಂದು ತೆಳ್ಳನೆಯ ಚೀಲ ಇರುತ್ತದೆ. ಡಾಕ್ಟರುಗಳು ಕ್ರಾಪ್ ಅನ್ನುತ್ತಾರೆ, ನಾನು ಗಂಟಲ ಚೀಲ ಅನ್ನುತ್ತೇನೆ. ಮರಿಗಳಿಗೆ ಉಣಿಸುವ ಹಾಲಿನಂಥ ಗಟ್ಟಿ ದ್ರವ ಹುಟ್ಟುವುದೂ ಇಲ್ಲೇ, ತಾಯಿ ತಂದೆ ಇಬ್ಬರಲ್ಲೂ. ತುಂಬಿದಾಗ ಮುಂದಕ್ಕೆ ಉಬ್ಬುವ ಈ ಚೀಲ ಬೆಕ್ಕಿನ ಹಲ್ಲಿಗೆ, ಗಿಡುಗದ ಉಗುರಿಗೆ ಸುಲಭವಾಗಿ ಸಿಗುತ್ತದೆ. ನಮ್ಮ ಬೆಕ್ಕಿನ ಹಲ್ಲು ಚರ್ಮವನ್ನೂ ಚೀಲವನ್ನೂ ಒಟ್ಟಿಗೆ ಹರಿದಿತ್ತು. ನಾನು ಕೊಟ್ಟ ನೀರು ಆ ಗಾಯವನ್ನು ಇನ್ನಷ್ಟು ಕೊಳೆ ಮಾಡಿತು.

ಚೀಲ ಹರಿದಿರದಿದ್ದರೂ ನೀರು ಕೊಟ್ಟದ್ದು ತಪ್ಪೇ. ಹಕ್ಕಿಯ ಉಸಿರುನಾಳದ ಬಾಯಿ ನಾಲಿಗೆಯ ಬುಡದಲ್ಲೇ ತೆರೆದುಕೊಂಡಿರುತ್ತದೆ. ಕೊಕ್ಕು ಬಿಡಿಸಿ ತೊಟ್ಟು ಹಾಕಿದರೆ ನೇರ ಅಲ್ಲಿಗೇ ಹೋಗಬಹುದು. ಏಟು ಬಿದ್ದು ಮೈ ತಣ್ಣಗಾದ ಹಕ್ಕಿಗೆ ನುಂಗುವ ಶಕ್ತಿಯೂ ಇರುವುದಿಲ್ಲ, ಅರಗಿಸುವ ಶಕ್ತಿಯೂ ಇರುವುದಿಲ್ಲ. ಇನ್ನು ಬಾಯಿ ತೆರೆದ ಉಸಿರಾಟಕ್ಕೆ ಬಾಯಾರಿಕೆಯೇ ಕಾರಣ ಅಂತ ಹೇಳಲಾಗದು. ಭಯ ಇರಬಹುದು, ಸೆಕೆ ಇರಬಹುದು, ಶ್ವಾಸಕೋಶಕ್ಕೆ ಏಟಾಗಿರಬಹುದು.

ಎರಡು ಫೋನ್ ಕರೆ

ಮೊದಲು ಫೋನ್ ಮಾಡಿದ ಕಡೆ, ರಕ್ತ ಜಾಸ್ತಿ ಬರುತ್ತಿದೆಯಾ ಅಂತ ಕೇಳಿದರು. ಇಲ್ಲ ಅಂದೆ. ಹಾಗಾದರೆ ಬೆಳಗ್ಗೆ ಮರದ ಮೇಲೆ ಬಿಟ್ಟುಬಿಡಿ, ಹಾರಿಹೋಗುತ್ತದೆ ಅಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆದರೆ ಬೆಕ್ಕಿನ ಬಾಯಿಗೆ ಸಿಕ್ಕ ಹಕ್ಕಿಯ ವಿಷಯದಲ್ಲಿ ಈ ಸಲಹೆ ಜೀವ ತೆಗೆಯುತ್ತದೆ.

ಬೆಕ್ಕಿನ ಹಲ್ಲು ಸೂಜಿಯಷ್ಟು ತೆಳು. ಒಳಗೆ ಆಳಕ್ಕೆ ಇಳಿಯುತ್ತದೆ, ಹೊರಗೆ ಚರ್ಮ ಕೂಡಿಕೊಂಡುಬಿಡುತ್ತದೆ, ಮೇಲೆ ಗರಿ ಮುಚ್ಚಿಕೊಳ್ಳುತ್ತದೆ. ಗಾಯ ಕಾಣುವುದೇ ಇಲ್ಲ. ಬೆಕ್ಕಿನ ಬಾಯಲ್ಲಿ ಸಾಮಾನ್ಯವಾಗಿ ಇರುವ ಪಾಸ್ಚರೆಲ್ಲಾ ಎಂಬ ಬ್ಯಾಕ್ಟೀರಿಯಾ ಹಕ್ಕಿಯ ರಕ್ತಕ್ಕೆ ಸೇರಿದರೆ ಒಂದೆರಡು ದಿನದಲ್ಲೇ ಮೈಯೆಲ್ಲ ನಂಜಾಗಿ ಹಕ್ಕಿ ಸಾಯಬಹುದು. ಬೆಳಗ್ಗೆ ಚುರುಕಾಗಿ ಕಂಡು ಹಾರಿಹೋದ ಹಕ್ಕಿ ಎಲ್ಲೋ ಪೊದೆಯಲ್ಲಿ ಸತ್ತಿರುತ್ತದೆ, ಬಿಟ್ಟವರು ಬದುಕಿತು ಅಂದುಕೊಂಡಿರುತ್ತಾರೆ. ಆದ್ದರಿಂದ ಗಾಯ ಕಾಣಲಿ, ಕಾಣದಿರಲಿ, ಬೆಕ್ಕಿನ ಬಾಯಿಗೆ ಸಿಕ್ಕ ಹಕ್ಕಿಗೆ ಆಂಟಿಬಯಾಟಿಕ್ ಬೇಕು. ಅದನ್ನು ಡಾಕ್ಟರೇ ಕೊಡಬೇಕು, ಅದೂ ಕೆಲವೇ ಗಂಟೆಗಳಲ್ಲಿ.

ಎರಡನೆಯ ಕರೆ ನಮ್ಮ ಆರೈಕೆ ಕೇಂದ್ರಕ್ಕೆ. ಅಲ್ಲಿಂದ ಹಕ್ಕಿಗಳನ್ನು ನೋಡುವ ಪಶುವೈದ್ಯೆಯ ನಂಬರು ಸಿಕ್ಕಿತು. ಅವರು ಕೇಳಿದ್ದು ಮೂರೇ ಪ್ರಶ್ನೆ: ಯಾವ ಹಕ್ಕಿ, ಏನಾಯಿತು, ಏನು ಕೊಟ್ಟಿರಿ. ನೀರು ಕೊಟ್ಟೆ, ಎದೆಯಿಂದ ಸೋರಿತು ಅಂದೆ. ಒಂದು ಕ್ಷಣ ಸುಮ್ಮನಿದ್ದು, "ಇನ್ನು ಏನೂ ಕೊಡಬೇಡಿ. ಕತ್ತಲೆಯಲ್ಲಿ ಬೆಚ್ಚಗಿಡಿ. ಎಂಟೂವರೆಗೆ ತನ್ನಿ. ಅಲ್ಲಿವರೆಗೆ ತೆಗೆದು ನೋಡಬೇಡಿ" ಅಂದರು.

ಎರಡು ಗಂಟೆ

ಈ ಎರಡು ಗಂಟೆಯೇ ಮನೆಯಲ್ಲಿ ನಾವು ಮಾಡಬಹುದಾದ ಅಸಲಿ ಚಿಕಿತ್ಸೆ. ಸುಮ್ನೆ ಕೂತಿರುವುದು ಚಿಕಿತ್ಸೆ ಅಂತ ಅನ್ನಿಸುವುದಿಲ್ಲ. ಆದರೆ ಅದೇ ಚಿಕಿತ್ಸೆ.

ಒಂದು ರಟ್ಟಿನ ಪೆಟ್ಟಿಗೆ ತೆಗೆದುಕೊಂಡೆ. ಹಕ್ಕಿ ನಿಲ್ಲುವಷ್ಟು ಎತ್ತರ ಇರಬೇಕು, ರೆಕ್ಕೆ ಬಡಿಯುವಷ್ಟು ಅಗಲ ಇರಬಾರದು. ಗಾಳಿಗೆ ತೂತು ಮಾಡುವುದು ಹಕ್ಕಿಯನ್ನು ಇಡುವ ಮೊದಲು. ಒಳಗಿಟ್ಟ ಮೇಲೆ ಟಕ ಟಕ ಚುಚ್ಚಿದರೆ ಅದರ ಜೀವ ಬಾಯಿಗೆ ಬರುತ್ತದೆ. ತಳಕ್ಕೆ ಹಳೆಯ ಬನಿಯನ್ ಬಟ್ಟೆ. ಟವೆಲ್ ಬಟ್ಟೆಯ ಎಳೆಗೆ ಉಗುರು ಸಿಕ್ಕಿಕೊಳ್ಳುತ್ತದೆ, ಹೊದಿಸಲು ಸರಿ, ಹಾಸಲು ಬೇಡ. ಇನ್ನೊಂದು ಬಟ್ಟೆಯನ್ನು ಸಿಂಬೆಯ ಹಾಗೆ ಸುತ್ತಿ, ಹಕ್ಕಿ ಒಂದು ಕಡೆಗೆ ವಾಲದ ಹಾಗೆ ಅದರ ನಡುವೆ ಕೂರಿಸಿದೆ.

ಬೆಳವದ ಮೈ ಬಿಸಿ ಸುಮಾರು 41 ಡಿಗ್ರಿ ಸೆಲ್ಸಿಯಸ್. ನಮಗೆ ಅದು ಜೋರು ಜ್ವರ. ಏಟು ಬಿದ್ದ ಹಕ್ಕಿ ಆ ಬಿಸಿಯನ್ನು ಹಿಡಿದುಕೊಳ್ಳಲಾಗದೆ ತಣ್ಣಗಾಗುತ್ತಾ ಹೋಗುತ್ತದೆ. ಬಾಟಲಿಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ, ಪೆಟ್ಟಿಗೆಯ ಅರ್ಧಭಾಗದ ಕೆಳಗೆ ಮಾತ್ರ ಇಟ್ಟೆ. ಅರ್ಧ ಅನ್ನುವುದು ಮುಖ್ಯ. ಸೆಕೆಯಾದರೆ ಹಕ್ಕಿಗೆ ಆಚೆ ಸರಿಯಲು ಜಾಗ ಬೇಕು. ಪೆಟ್ಟಿಗೆಯ ಒಳಗೆ ಸುಮಾರು 30 ಡಿಗ್ರಿ ಇದ್ದರೆ ಸಾಕು.

ಮುಚ್ಚಳದ ಮೇಲೆ ಪೆನ್ನಿನಿಂದ ಬರೆದೆ: ಸಿಕ್ಕ ಸಮಯ, ಜಾಗ, ಬೆಕ್ಕು, ಸಂಜೆ 6.20ಕ್ಕೆ ನೀರು ಕೊಟ್ಟಿದೆ. ಕೊನೆಯದನ್ನು ಬರೆಯುವಾಗ ಕೈ ತಡೆಯಿತು. ಆದರೂ ಬರೆದೆ, ಯಾಕೆಂದರೆ ಡಾಕ್ಟರಿಗೆ ಮೊದಲು ಬೇಕಾಗುವುದು ಅದೇ.

ಟಿವಿ ಆರಿಸಿ, ಬೆಕ್ಕನ್ನು ಬೇರೆ ಕೋಣೆಗೆ ಹಾಕಿ ಬಾಗಿಲು ಮುಚ್ಚಿದೆ. ಮಗಳು ಒಂದು ಸಲ ಸವರಲಾ ಅಂದಳು. ಬೇಡ ಅಂದೆ. ಕೈಯಲ್ಲಿ ಹಕ್ಕಿ ಅಲ್ಲಾಡದೆ ಕೂತಿದ್ದರೆ ನಮ್ಮನ್ನು ನಂಬಿದೆ ಅಂದುಕೊಳ್ಳುತ್ತೇವೆ. ಅದು ನಂಬಿಕೆಯಲ್ಲ, ಮರಗಟ್ಟಿದ ಭಯ. ಅದರ ಲೆಕ್ಕದಲ್ಲಿ ಒಂದು ಬಾಯಿಂದ ಬಿಡಿಸಿಕೊಂಡು ಇನ್ನೊಂದು ದೊಡ್ಡ ಪ್ರಾಣಿಯ ಕೈಗೆ ಸಿಕ್ಕಿದೆ. ನಮ್ಮ ಪ್ರತಿ ಸವರುವಿಕೆಯೂ ಅದಕ್ಕೆ ಇನ್ನೊಂದು ದಾಳಿ.

ಪಕ್ಕದ ಮನೆಯವರು ನೋವಿನ ಮಾತ್ರೆ ತಂದುಕೊಟ್ಟು, ಕಾಲುಭಾಗ ಅರೆದು ಹಾಕಿ ಅಂದರು. ಬೇಡ ಅಂದದ್ದಕ್ಕೆ ಬೇಜಾರಾದರು. ಅವರಿಗೆ ರಣಹದ್ದುಗಳ ಕಥೆ ಹೇಳಿದೆ. ದಕ್ಷಿಣ ಏಷ್ಯಾದಲ್ಲಿ ರಣಹದ್ದುಗಳು ರಾಶಿ ರಾಶಿ ಸತ್ತಾಗ ಕಾರಣ ವರ್ಷಗಟ್ಟಲೆ ತಿಳಿಯಲಿಲ್ಲ. 2004ರಲ್ಲಿ ಗೊತ್ತಾಯಿತು, ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿ. ಆ ಔಷಧಿ ಮೈಯಲ್ಲಿದ್ದ ದನ ಸತ್ತು, ಅದರ ಮಾಂಸ ತಿಂದ ಹದ್ದುಗಳ ಮೂತ್ರಪಿಂಡ ಕೆಟ್ಟುಹೋಗುತ್ತಿತ್ತು. 2006ರಲ್ಲಿ ಭಾರತ, ಪಾಕಿಸ್ತಾನ, ನೇಪಾಳ ಅದನ್ನು ಜಾನುವಾರುಗಳಿಗೆ ಕೊಡುವುದನ್ನು ನಿಷೇಧಿಸಿದವು. ನಮಗೆ ನಿರಪಾಯ ಅನ್ನಿಸುವ ಮಾತ್ರೆ ಹಕ್ಕಿಯ ಮೈಯಲ್ಲಿ ಏನು ಮಾಡುತ್ತದೆ ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ? ಮುಲಾಮೂ ಅಷ್ಟೇ. ಜಿಡ್ಡು ಗರಿಗೆ ಅಂಟಿದರೆ ಗರಿ ಬೆಚ್ಚಗಿಡುವ ಗುಣ ಕಳೆದುಕೊಳ್ಳುತ್ತದೆ, ತೊಳೆಯುವುದೂ ಕಷ್ಟ.

ಡಾಕ್ಟರ ಮೇಜಿನ ಮೇಲೆ

ತೂಕ 134 ಗ್ರಾಂ. ಡಾಕ್ಟರು ಮೊದಲು ಮುಟ್ಟಿ ನೋಡಿದ್ದು ಗಾಯವನ್ನಲ್ಲ, ಎದೆಮೂಳೆಯನ್ನು. ಅದರ ಎರಡೂ ಕಡೆ ಮಾಂಸ ತುಂಬಿಕೊಂಡಿದ್ದರೆ ಹಕ್ಕಿ ನಿನ್ನೆಯವರೆಗೆ ಚೆನ್ನಾಗಿತ್ತು ಅಂತ ಅರ್ಥ. ಮೂಳೆ ಚಾಕುವಿನ ಅಂಚಿನ ಹಾಗೆ ಕೈಗೆ ಸಿಕ್ಕರೆ ಹಸಿವೋ ಕಾಯಿಲೆಯೋ ಮೊದಲೇ ಇತ್ತು ಅಂತ. ಇದರದ್ದು ಚೆನ್ನಾಗಿತ್ತು.

ಒದ್ದೆ ಹತ್ತಿಯಿಂದ ಗರಿ ಸರಿಸುತ್ತಾ ಹೋದರು. ಎದೆಯಲ್ಲಿ ಒಂದು ಸೆಂಟಿಮೀಟರಿನಷ್ಟು ಹರಿದ ಗಾಯ. ಬೆನ್ನಿನ ಮೇಲೆ, ಸೊಂಟದ ಹತ್ತಿರ, ಎರಡು ಚುಚ್ಚಿದ ತೂತು. ಅವು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ಅದರ ಸುತ್ತ ಚರ್ಮ ಸ್ವಲ್ಪ ಉಬ್ಬಿತ್ತು. ನನ್ನ ಬೆರಳನ್ನು ಹಿಡಿದು ಅಲ್ಲಿ ಮೆಲ್ಲಗೆ ತಾಗಿಸಿದರು. ತೆಳು ಪ್ಲಾಸ್ಟಿಕ್ ಹಾಳೆ ಒತ್ತಿದ ಹಾಗೆ ಚರಚರ ಅಂದಿತು. ಹಕ್ಕಿಯ ಮೈ ಒಳಗೆ ಶ್ವಾಸಕೋಶದ ಜೊತೆಗೆ ಗಾಳಿ ಚೀಲಗಳೂ ಇರುತ್ತವೆ. ಅವುಗಳಲ್ಲಿ ಒಂದಕ್ಕೆ ಹಲ್ಲು ತಾಗಿ, ಗಾಳಿ ಚರ್ಮದ ಕೆಳಗೆ ಸೇರಿಕೊಂಡಿತ್ತು. ಅದು ಕೆಲವು ದಿನದಲ್ಲಿ ತಾನಾಗಿಯೇ ಇಳಿಯಿತು.

ರೆಕ್ಕೆಯ ಒಂದೊಂದು ಕೀಲನ್ನೂ ಬಿಡಿಸಿ ನೋಡುವಾಗ ಡಾಕ್ಟರು ಒಂದು ಮಾತು ಹೇಳಿದರು: ಕೀಲು ಮುರಿದಿದ್ದರೆ ಆಪರೇಷನ್ ಮಾಡುವುದಿಲ್ಲ, ನೋವಿಲ್ಲದೆ ಕಳಿಸಿಕೊಡುತ್ತೇನೆ. ನನಗೆ ಅಳು ಬಂತು. ಮನೆಯಲ್ಲಿ ಇಟ್ಟುಕೊಳ್ಳುತ್ತೇನೆ ಅಂದೆ. ಹಾರಲಾಗದೆ ಹತ್ತು ವರ್ಷ ದಿನಾ ನಿಮ್ಮನ್ನು ನೋಡಿ ಹೆದರುತ್ತಾ ಬದುಕಬೇಕಾ ಅಂತ ಅವರು ಕೇಳಿದರು. ಉತ್ತರ ಕೊಡಲಿಲ್ಲ. ಈಗ ಕೇಳಿದರೆ ಅವರದ್ದೇ ಸರಿ ಅನ್ನುತ್ತೇನೆ. ಪುಣ್ಯಕ್ಕೆ ರೆಕ್ಕೆಗಳು ಸರಿಯಾಗಿದ್ದವು.

ಆ ರಾತ್ರಿ ಹೊಲಿಗೆ ಹಾಕಲಿಲ್ಲ. ಬೆಚ್ಚಗಿನ ಸಲೈನ್ ಚರ್ಮದ ಕೆಳಗೆ, ಆಂಟಿಬಯಾಟಿಕ್, ಹಕ್ಕಿಗೆ ಹೊಂದುವ ನೋವಿನ ಔಷಧಿ. ಏಟಿನ ಆಘಾತದಲ್ಲಿರುವ ಹಕ್ಕಿಗೆ ಅರಿವಳಿಕೆ ಕೊಟ್ಟರೆ ಮೇಜಿನ ಮೇಲೇ ಹೋಗಬಹುದು, ಮೊದಲು ಈ ರಾತ್ರಿ ದಾಟಲಿ ಅಂದರು. ದಾಟಿತು. ಮರುದಿನ ಬೆಳಗ್ಗೆ ಗ್ಯಾಸ್ ಅರಿವಳಿಕೆ ಕೊಟ್ಟು ಗಂಟಲ ಚೀಲವನ್ನು ಬೇರೆ, ಚರ್ಮವನ್ನು ಬೇರೆ ಹೊಲಿದರು. ಎರಡನ್ನೂ ಸೇರಿಸಿ ಒಂದೇ ಹೊಲಿಗೆ ಹಾಕಿದರೆ ಮತ್ತೆ ಸೋರುತ್ತದಂತೆ. ನಾಲ್ಕು ದಿನ ಅಲ್ಲೇ ಇಟ್ಟುಕೊಂಡು ತೆಳು ಆಹಾರವನ್ನು ಸ್ವಲ್ಪ ಸ್ವಲ್ಪವೇ ನಳಿಕೆಯಲ್ಲಿ ಕೊಟ್ಟರು.

ಮತ್ತೆ ಮನೆಗೆ

ಐದನೆಯ ದಿನ ಅದು ಆರೈಕೆ ಕೇಂದ್ರಕ್ಕೆ ಹೋಗಬೇಕಿತ್ತು. ಅಲ್ಲಿ ಜಾಗ ಇರಲಿಲ್ಲ. ಕಾರಣ ಹೇಳಲೇಬೇಕು. ಬುಟ್ಟಿ ಬುಟ್ಟಿ ಮರಿಗಳು. ಅದರಲ್ಲಿ ಅರ್ಧಕ್ಕರ್ಧ ಮರಿಗಳಿಗೆ ಏನೂ ಆಗಿರಲಿಲ್ಲ. ಮೈತುಂಬ ಗರಿ ಬಂದು, ಗೂಡಿನಿಂದ ಇಳಿದು, ನೆಲದ ಮೇಲೆ ಕುಪ್ಪಳಿಸುತ್ತಾ ಹಾರುವುದು ಕಲಿಯುವ ವಯಸ್ಸಿನವು. ತಂದೆತಾಯಿ ಹತ್ತಿರದಲ್ಲೇ ಇದ್ದು ಉಣಿಸುತ್ತಿರುತ್ತವೆ. ಪಾಪ ಅನಾಥ ಅಂತ ಯಾರೋ ಎತ್ತಿಕೊಂಡು ಬಂದಿದ್ದರು. ಮನುಷ್ಯ ಮುಟ್ಟಿದರೆ ತಾಯಿ ಸೇರಿಸುವುದಿಲ್ಲ ಅನ್ನುವುದು ಸುಳ್ಳು. ಬರಿಮೈಯ ಮರಿ ಬಿದ್ದಿದ್ದರೆ ಮತ್ತೆ ಗೂಡಿಗಿಡಿ, ಗರಿ ಬಂದ ಮರಿಯಾದರೆ ಹತ್ತಿರದ ಪೊದೆಯ ಮೇಲಿಟ್ಟು ದೂರದಿಂದ ಕಾಯಿರಿ. ಗಾಯ ಇದ್ದರೆ, ಬೆಕ್ಕು ನಾಯಿ ಮುಟ್ಟಿದ್ದರೆ ಮಾತ್ರ ತನ್ನಿ.

ಹಾಗಾಗಿ ಕೇಂದ್ರದವರ ದಾಖಲೆಯಲ್ಲೇ, ಅವರ ಜವಾಬ್ದಾರಿಯಲ್ಲೇ, ಹಕ್ಕಿ ಕೆಲವು ವಾರಕ್ಕೆ ನನ್ನ ಮನೆಗೆ ಬಂತು. ಕಾಗದ ಯಾಕೆ ಅಂತ ಕೆಲವರು ಕೇಳಿದರು. ಭಾರತದಲ್ಲಿ 1972ರ, ಅಮೆರಿಕದಲ್ಲಿ 1918ರ ಕಾಯ್ದೆ ಹೆಚ್ಚಿನ ಕಾಡುಹಕ್ಕಿಗಳನ್ನು ಸಾಕಿಕೊಳ್ಳಲು ಬಿಡುವುದಿಲ್ಲ. ಬ್ರಿಟನ್ನಿನ 1981ರ ಕಾಯ್ದೆ ಗಾಯಗೊಂಡ ಹಕ್ಕಿಯನ್ನು ಆರೈಕೆ ಮಾಡಲು ಬಿಡುತ್ತದೆ, ಆದರೆ ವಾಸಿಯಾದ ಮೇಲೆ ಬಿಟ್ಟುಬಿಡಬೇಕು. ನನಗೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ. ಇಟ್ಟುಕೊಳ್ಳುವ ಆಸೆ ನನಗೇ ಎಷ್ಟು ಬೇಗ ಹುಟ್ಟಿತು ಅನ್ನುವುದನ್ನು ಮುಂದೆ ಹೇಳುತ್ತೇನೆ.

ಪಂಜರ ಬಟ್ಟೆಯ ಬಲೆಯದ್ದು. ತಂತಿಯ ಪಂಜರದಲ್ಲಿ ಹೆದರಿದ ಬೆಳವ ರೆಕ್ಕೆ ಬಡಿದು ಗರಿ ಮುರಿದುಕೊಳ್ಳುತ್ತದೆ. ಮೂರು ಕಡೆ ಬೆಡ್‌ಶೀಟ್ ಮುಚ್ಚಿದೆ. ಕೂರಲು ಒಂದು ದಪ್ಪ ಕೊಂಬೆ, ಒಂದು ಇಟ್ಟಿಗೆ. ನೆಲಕ್ಕೆ ಪೇಪರ್, ದಿನಾ ಬದಲಾವಣೆ. ಗ್ಲೌಸ್, ಮಾಸ್ಕ್ ಹಾಕಿಕೊಂಡೇ. ಪಾರಿವಾಳದ ಜಾತಿಯ ಹಕ್ಕಿಗಳ ಒಣ ಹಿಕ್ಕೆಯ ಧೂಳಿನಿಂದ ಮನುಷ್ಯರಿಗೆ ಶ್ವಾಸಕೋಶದ ಸೋಂಕು ಬರಬಹುದು. ಅದಕ್ಕೇ ಗುಡಿಸುವ ಮೊದಲು ನೀರು ಚಿಮುಕಿಸುತ್ತಿದ್ದೆ.

ದಿನಾ ಬೆಳಗ್ಗೆ ಒಂದೇ ಹೊತ್ತಿಗೆ ತೂಕ. ನನಗೆ ಗೊತ್ತಿರುವ ಮಟ್ಟಿಗೆ ಮನೆಯಲ್ಲಿ ಇದಕ್ಕಿಂತ ಉಪಯೋಗದ ಉಪಕರಣ ಇನ್ನೊಂದಿಲ್ಲ. ಹಕ್ಕಿ ಕಾಯಿಲೆಯನ್ನು ಮುಚ್ಚಿಡುತ್ತದೆ. ಕುಗ್ಗಿದ್ದು ಕಂಡರೆ ಗಿಡುಗ ಅದನ್ನೇ ಆರಿಸಿಕೊಳ್ಳುತ್ತದೆ, ಅದಕ್ಕೆ. ಕಣ್ಣಿಗೆ ಚುರುಕಾಗಿ ಕಂಡರೂ ತಕ್ಕಡಿ ನಿಜ ಹೇಳುತ್ತದೆ. ಎರಡನೆಯ ಸಾಕ್ಷಿ ಹಿಕ್ಕೆ. ಚೆನ್ನಾಗಿ ತಿಂದ ಬೆಳವದ ಹಿಕ್ಕೆ ಕಂದು ಬಣ್ಣದ ಗಟ್ಟಿ ಉಂಡೆ, ಮೇಲೆ ಬಿಳಿ ಸುಣ್ಣದ ಟೋಪಿ. ಹೊಟ್ಟೆಗೆ ಏನೂ ಹೋಗದಿದ್ದರೆ ಕಡು ಹಸಿರು, ನೀರು ನೀರು. ಮೊದಲ ಮೂರು ದಿನ ನನಗೆ ಸಿಕ್ಕಿದ್ದು ಹಸಿರೇ. ತಾನಾಗಿ ತಿನ್ನುತ್ತಿರಲಿಲ್ಲ. ಡಾಕ್ಟರು ಕಲಿಸಿಕೊಟ್ಟ ಹಾಗೆ ದಿನಕ್ಕೆ ನಾಲ್ಕು ಸಲ ನಳಿಕೆಯಲ್ಲಿ ಕೊಡುತ್ತಿದ್ದೆ. ಇದನ್ನು ಓದಿ ಕಲಿಯುವ ಹಾಗಿಲ್ಲ. ನಳಿಕೆ ಒಂದಿಷ್ಟು ತಪ್ಪಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಕಲಿತವರ ಮುಂದೆ ಮಾಡಿ ತೋರಿಸಿದ ಮೇಲೇ ನನ್ನ ಕೈಗೆ ಬಿಟ್ಟರು.

ಎಂಟನೆಯ ದಿನ ಬೆಳಗ್ಗೆ. ತಟ್ಟೆಯಲ್ಲಿ ಸಜ್ಜೆ, ನವಣೆಯಂಥ ಸಣ್ಣ ಕಾಳು ಇಟ್ಟು, ಬಟ್ಟೆಯ ಸಂದಿನಿಂದ ಒಂದು ಪೆನ್ಸಿಲ್ ತೂರಿಸಿ ಅದರ ತುದಿಯಿಂದ ಕಾಳನ್ನು ಟಕ್ ಟಕ್ ಅಂತ ಕುಟ್ಟುತ್ತಾ ಕೂತಿದ್ದೆ. ಬೆಳವಗಳು ಒಂದನ್ನು ನೋಡಿ ಒಂದು ಮೇಯುತ್ತವೆ. ಹಕ್ಕಿ ಇಟ್ಟಿಗೆಯ ಮೇಲಿಂದ ತಲೆ ಓರೆ ಮಾಡಿ ಒಂದು ಕಣ್ಣಲ್ಲಿ ನೋಡಿತು. ಆ ಕಣ್ಣಿನ ಸುತ್ತಿನ ಕೆಂಪು ಗೆರೆ ಆವತ್ತು ಮೊದಲ ಸಲ ನನಗೆ ಸ್ಪಷ್ಟವಾಗಿ ಕಂಡಿತು. ಇಳಿಯಿತು. ಎರಡು ಹೆಜ್ಜೆ. ನಿಂತಿತು. ಪೆನ್ಸಿಲ್ ಕುಟ್ಟುವುದು ನಿಲ್ಲಿಸಿದೆ. ಒಂದು ಕಾಳು ಎತ್ತಿ ಕೆಳಗೆ ಹಾಕಿತು. ಇನ್ನೊಂದನ್ನು ನುಂಗಿತು. ಆಮೇಲೆ ಮಳೆ ಹನಿ ಬಿದ್ದ ಹಾಗೆ ತಟ್ಟೆಯ ಮೇಲೆ ಕೊಕ್ಕಿನ ಸದ್ದು. ನಾನು ಉಸಿರು ಬಿಗಿಹಿಡಿದು ಅದರ ಎದೆಯನ್ನೇ ನೋಡುತ್ತಿದ್ದೆ. ಎದೆ ಒಣಗಿಯೇ ಇತ್ತು.

ಹನ್ನೆರಡನೆಯ ದಿನ

ಹನ್ನೊಂದನೆಯ ದಿನ 131 ಗ್ರಾಂ ಇದ್ದದ್ದು ಮರುದಿನ 124. ಅದರ ಮರುದಿನ 119. ತಿನ್ನಲು ಬರುತ್ತಿತ್ತು, ಕಾಳು ಎತ್ತಿ ಕೆಳಗೆ ಹಾಕುತ್ತಿತ್ತು. ಕಣ್ಣಿಗೆ ತಿನ್ನುತ್ತಿದೆ ಅನ್ನಿಸುತ್ತಿತ್ತು, ತಕ್ಕಡಿ ಇಲ್ಲ ಅನ್ನುತ್ತಿತ್ತು. ಮೊದಲ ದಿನ ಏನೋ ಅಳತೆಯ ತಪ್ಪು ಅಂತ ಸುಮ್ಮನಾಗಿದ್ದೆ. ಆ ಒಂದು ದಿನ ಕಳೆಯಬಾರದಿತ್ತು.

ಡಾಕ್ಟರು ಕೊಕ್ಕು ಬಿಡಿಸಿ ಟಾರ್ಚ್ ಹಾಕಿದರು. ಗಂಟಲಿನ ಮೇಲ್ಭಾಗದಲ್ಲಿ ಗಿಣ್ಣಿನ ಚೂರು ಅಂಟಿದ ಹಾಗೆ ಹಳದಿ ಗಡ್ಡೆ. ಕ್ಯಾಂಕರ್ ಅನ್ನುತ್ತಾರೆ. ಟ್ರೈಕೊಮೊನಾಸ್ ಎಂಬ ಒಂದೇ ಕೋಶದ ಜೀವಿಯಿಂದ ಬರುವ ರೋಗ, ಪಾರಿವಾಳ ಬೆಳವಗಳಲ್ಲಿ ತುಂಬಾ ಸಾಮಾನ್ಯ. ಎಷ್ಟೋ ಹಕ್ಕಿಗಳು ಅದನ್ನು ಗಂಟಲಲ್ಲಿ ಇಟ್ಟುಕೊಂಡೇ ಆರೋಗ್ಯವಾಗಿರುತ್ತವೆ. ಗಾಯ, ಭಯ, ಬಂಧನ ಸೇರಿದಾಗ ಅದು ತಲೆ ಎತ್ತುತ್ತದೆ. ಅದಕ್ಕೆ ಬೇರೆ ಔಷಧಿ ಶುರುವಾಯಿತು, ನಳಿಕೆಯ ಊಟವೂ ಮತ್ತೆ ಶುರುವಾಯಿತು. ನೀರಿನ ಬಟ್ಟಲನ್ನು ದಿನಕ್ಕೆ ಎರಡು ಸಲ ಉಜ್ಜಿ ತೊಳೆಯುತ್ತಿದ್ದೆ, ಯಾಕೆಂದರೆ ಇದು ನೀರಿನಿಂದಲೂ ಹರಡುತ್ತದೆ. ಹದಿನೇಳನೆಯ ದಿನಕ್ಕೆ ತೂಕ ಮತ್ತೆ 130 ದಾಟಿತು.

ಸಲಿಗೆ

ಹತ್ತೊಂಬತ್ತನೆಯ ದಿನ ತಟ್ಟೆ ಇಡಲು ಕೈ ಹಾಕಿದೆ. ಹಕ್ಕಿ ಹಿಂದೆ ಸರಿಯಲಿಲ್ಲ. ನನ್ನ ಬೆರಳಿನ ಪಕ್ಕದಲ್ಲೇ ಕಾಳು ಹೆಕ್ಕಿತು. ಎಷ್ಟು ಸಂತೋಷವಾಯಿತು ಅಂದರೆ ಮಗಳನ್ನು ಕೂಗಿದೆ. ಅವಳು ಬಂದು, ಇದಕ್ಕೆ ಹೆಸರಿಡೋಣ ಅಂದಳು. ನನ್ನ ಬಾಯಲ್ಲಿ ಒಂದು ಹೆಸರು ಆಗಲೇ ರೆಡಿಯಾಗಿತ್ತು.

ಅವತ್ತು ಸಂಜೆ ಕೇಂದ್ರಕ್ಕೆ ಫೋನ್ ಮಾಡಿ ಇದನ್ನು ಹೇಳಿದಾಗ ಅಲ್ಲಿನ ಹಿರಿಯರು ಬೈಯಲಿಲ್ಲ. ಮುಂದಿನ ಸಲ ಅದರ ಪಕ್ಕಕ್ಕೆ ಬರುವ ಕೈ ಯಾರದ್ದು ಅಂತ ಗೊತ್ತಾ ಅಂದರು, ಅಷ್ಟೇ. ಮರುದಿನದಿಂದ ತಟ್ಟೆ ಇಡುವುದು ದಿನಕ್ಕೆ ಎರಡೇ ಸಲ, ಬಟ್ಟೆಯ ಮರೆಯಿಂದ. ಕೋಣೆಯಲ್ಲಿ ಮಾತಿಲ್ಲ. ತೂಕ ಮೂರು ದಿನಕ್ಕೊಮ್ಮೆ. ಹೆಸರಿಡಲಿಲ್ಲ. ನೋಟ್‌ಬುಕ್‌ನಲ್ಲಿ ಕೊನೆಯವರೆಗೂ "ಬೆಳವ" ಅಂತಲೇ ಇದೆ. ನಾಲ್ಕೈದು ದಿನದಲ್ಲಿ ಕೈ ಕಂಡರೆ ಮತ್ತೆ ರೆಕ್ಕೆ ಬಡಿಯಲು ಶುರು ಮಾಡಿತು. ಅದನ್ನು ಬರೆದುಕೊಳ್ಳುವಾಗ ಹೊಟ್ಟೆಯಲ್ಲಿ ಸಂಕಟವಾಗಿದ್ದು ನಿಜ.

ಈ ನಡುವೆ ಬಾಲ ಚಿಗುರುತ್ತಿತ್ತು. ಹತ್ತನೆಯ ದಿನದ ಹೊತ್ತಿಗೇ ಸಣ್ಣ ಮೊಳೆಗಳು ಕಂಡಿದ್ದವು. ತೆಳು ಪೊರೆಯೊಳಗೆ ಸುತ್ತಿಕೊಂಡ ಗರಿ, ಹೊಸ ಕುಂಚದ ಹಾಗೆ ತುದಿಯಲ್ಲಿ ಬಿಚ್ಚಿಕೊಳ್ಳುತ್ತಾ ಬರುತ್ತದೆ. ಬೆಳೆಯುವ ಗರಿಯ ಬುಡದಲ್ಲಿ ರಕ್ತ ಹರಿಯುತ್ತಿರುತ್ತದೆ, ಮುರಿದರೆ ಸೋರುತ್ತದೆ. ಇಲ್ಲಿ ಒಂದು ವಿಚಿತ್ರ ಇದೆ. ಬೇರು ಸಮೇತ ಕಿತ್ತುಹೋದ ಗರಿ ಕೆಲವೇ ವಾರಗಳಲ್ಲಿ ಹೊಸದಾಗಿ ಬರುತ್ತದೆ. ಅರ್ಧಕ್ಕೆ ಮುರಿದ ಗರಿ ಹಾಗಲ್ಲ. ಬುಡ ಇನ್ನೂ ಇರುವುದರಿಂದ ಮೈ ಅದನ್ನು ಇದೆ ಅಂತಲೇ ಲೆಕ್ಕ ಹಿಡಿಯುತ್ತದೆ. ಮುಂದಿನ ಸಲ ಗರಿ ಉದುರಿಸುವ ಕಾಲದವರೆಗೆ ಮೋಟಾಗಿಯೇ ಇರುತ್ತದೆ. ಬೆಳವಗಳಿಗೆ ಹೆದರಿದಾಗ ಗರಿ ಉದುರಿಸುವ ಗುಣವೂ ಇದೆ, ಶತ್ರುವಿನ ಬಾಯಲ್ಲಿ ಬರೀ ಗರಿ ಉಳಿಯಲಿ ಅಂತ. ನಮ್ಮ ಹಕ್ಕಿಯ ಬಾಲ ಬಹುಪಾಲು ಹಾಗೆ ಹೋದದ್ದು, ಪೂರ್ತಿ ಬಂತು. ಬಲಗಡೆಯ ಎರಡು ಗರಿ ಮಾತ್ರ ಮುರಿದಿದ್ದವು. ಅವು ಬರಲಿಲ್ಲ.

ಬಿಡುವ ಮೊದಲು

ಇಪ್ಪತ್ತೆಂಟನೆಯ ದಿನ ಹಕ್ಕಿ ಕೇಂದ್ರದ ಉದ್ದನೆಯ ಹಾರಾಟದ ಪಂಜರಕ್ಕೆ ಹೋಯಿತು. ಮನೆಯ ಕೋಣೆಯಲ್ಲಿ ಹಾರಿಸಿ ನೋಡುವುದು ಬೇಡವೇ ಬೇಡ. ಗಾಜು, ಫ್ಯಾನು, ಗೋಡೆ ಯಾವುದೂ ಅದಕ್ಕೆ ಅರ್ಥವಾಗುವುದಿಲ್ಲ. ನಾಲ್ಕು ವಾರ ಕೂತಿದ್ದ ಹಕ್ಕಿಯ ರೆಕ್ಕೆಯಲ್ಲಿ ಶಕ್ತಿ ಇರುವುದಿಲ್ಲ. ಮೊದಲ ದಿನ ಒಂದು ತುದಿಯಿಂದ ಇನ್ನೊಂದಕ್ಕೆ ಹಾರಿ ಬಾಯಿ ತೆರೆದು ಕೂತುಬಿಟ್ಟಿತಂತೆ. ಎರಡು ವಾರದಲ್ಲಿ, ಬೆಳವಗಳು ಹಾರುವ ಹಾಗೆ, ಪಟಪಟ ಸದ್ದು ಮಾಡಿ ನೇರ ಮೇಲಕ್ಕೆ ಏಳಲು ಶುರು ಮಾಡಿತು. ಅಲ್ಲಿ ಇನ್ನೆರಡು ಬೆಳವಗಳಿದ್ದವು. ಮನುಷ್ಯರ ಸಲಿಗೆ ಅಷ್ಟೋ ಇಷ್ಟೋ ಉಳಿದಿದ್ದರೆ ಅವುಗಳ ಜೊತೆಯಲ್ಲಿ ಹೋಯಿತು.

ಹಕ್ಕಿಯನ್ನು ಸಿಕ್ಕ ಜಾಗದಲ್ಲೇ ಬಿಡಬೇಕು. ನೀರು ಎಲ್ಲಿ, ಮೇವು ಎಲ್ಲಿ, ರಾತ್ರಿ ಕೂರುವ ಮರ ಯಾವುದು ಎಲ್ಲ ಅದಕ್ಕೆ ಗೊತ್ತಿರುತ್ತದೆ, ಜೋಡಿ ಕಾಯುತ್ತಿರಲೂಬಹುದು. ಆದರೆ ಇದು ಸಿಕ್ಕ ಜಾಗ ನಮ್ಮ ಹಿತ್ತಲು, ಹಿತ್ತಲಲ್ಲಿ ನಮ್ಮ ಬೆಕ್ಕು. ಬೆಕ್ಕಿನ ತಪ್ಪಲ್ಲ, ಹೊರಗೆ ಬಿಟ್ಟವಳು ನಾನು. ಅಮೆರಿಕ ಒಂದರಲ್ಲೇ ಬೆಕ್ಕುಗಳು ವರ್ಷಕ್ಕೆ 130 ಕೋಟಿಯಿಂದ 400 ಕೋಟಿ ಹಕ್ಕಿಗಳನ್ನು ಕೊಲ್ಲುತ್ತವೆ ಅಂತ 2013ರಲ್ಲಿ ಒಂದು ಅಂದಾಜು ಬಂದಿತ್ತು. ಹೆಚ್ಚಿನವು ಮನೆಯಿಲ್ಲದ ಬೆಕ್ಕುಗಳ ಲೆಕ್ಕ, ನಿಜ. ಆದರೆ ನನ್ನ ಅಂಗೈ ಒದ್ದೆಯಾದದ್ದು ಹೊಟ್ಟೆ ತುಂಬಿದ, ಮನೆಯ ಬೆಕ್ಕಿನಿಂದ. ಆ ವಾರವೇ ಹಿತ್ತಲ ವರಾಂಡಕ್ಕೆ ಬಲೆ ಹಾಕಿಸಿದೆ. ಬೆಕ್ಕು ಈಗ ಅದರೊಳಗೇ ಬಿಸಿಲು ಕಾಯುತ್ತದೆ. ಮೊದಲ ಹತ್ತು ದಿನ ರಾತ್ರಿಯೆಲ್ಲ ಕೂಗಿತು, ಆಮೇಲೆ ಒಗ್ಗಿಕೊಂಡಿತು.

43ನೆಯ ದಿನ ಬೆಳಗ್ಗೆ ಏಳೂವರೆ. ಮೋಡ ಇರಲಿಲ್ಲ. ತೂಕ 151 ಗ್ರಾಂ. ಹಿತ್ತಲಿನ ಆಚೆ, ಬೆಳವಗಳು ದಿನಾ ಸೇರುವ ಮರಗಳ ಹತ್ತಿರ ಪೆಟ್ಟಿಗೆಯನ್ನು ನೆಲದ ಮೇಲಿಟ್ಟು ಮುಚ್ಚಳ ತೆಗೆದೆ. ಕೈಯಲ್ಲಿ ಹಿಡಿದು ಮೇಲಕ್ಕೆ ಎಸೆಯಬಾರದು. ಯಾವಾಗ ಹೊರಡಬೇಕು ಅನ್ನುವುದು ಅದಕ್ಕೇ ಬಿಟ್ಟದ್ದು. ಅರ್ಧ ನಿಮಿಷ ಪೆಟ್ಟಿಗೆಯ ಅಂಚಿನಲ್ಲಿ ಕೂತು ಕತ್ತು ಉದ್ದ ಮಾಡಿತು. ನಮ್ಮ ಕಡೆ ನೋಡಲಿಲ್ಲ. ರೆಕ್ಕೆಯ ಸದ್ದು ಕೇಳಿಸಿತು, ಪೆಟ್ಟಿಗೆ ಖಾಲಿ.

ಆಮೇಲೆ ಮೂರು ಸಲ ಅದನ್ನು ನೋಡಿದೆ. ಗುರುತು ಸುಲಭವಾಗಿತ್ತು. ಇಳಿಯುವಾಗ ಬಾಲ ಬೀಸಣಿಗೆಯ ಹಾಗೆ ಅಗಲವಾದರೆ ಬಲಗಡೆ ಎರಡು ಗರಿಯಷ್ಟು ಸಂದು. ಒಂದು ಸಲ ತಂತಿಯ ಮೇಲೆ ಒಂಟಿಯಾಗಿ, ಎರಡು ಸಲ ಇನ್ನೊಂದು ಬೆಳವದ ಜೊತೆ ಹುಲ್ಲಿನಲ್ಲಿ ಮೇಯುತ್ತಾ. ನಂತರ ಗರಿ ಉದುರಿಸುವ ಕಾಲ ಬಂತು. ಈಗ ಅಲ್ಲಿಗೆ ಬರುವ ಎಲ್ಲ ಬೆಳವಗಳ ಬಾಲವೂ ತುಂಬಿಕೊಂಡಿದೆ. ಅದು ಯಾವುದು ಅಂತ ನನಗೆ ಗೊತ್ತಾಗುವುದಿಲ್ಲ.